ದೊಡ್ಡದನ್ನು ಚಿಕ್ಕದರಿಂದ ಭಾಗಿಸು

ಜೂನ್ 9

ಅಪ್ಪ,

ಈ ಸುದ್ದಿ ಬೇರೆಯವರ ಬಾಯಿಂದ ನಿಮಗೆ ತಲುಪುವ ಮೊದಲು ನಾನೇ ಬರೆಯಬೇಕು ಅಂತ ಕೂತಿದ್ದೇನೆ. ಫೋನ್ ಮಾಡಿದ್ದೆ. ನೀವು "ಹಲೋ, ಯಾರು?" ಅನ್ನುತ್ತಲೇ ಇಟ್ಟುಬಿಟ್ಟೆ. ಸೋಮವಾರ ಬಂದ ಆ ಮಾತಿಲ್ಲದ ಕರೆ ನನ್ನದೇ.

ನನ್ನನ್ನು ಆಸ್ಪತ್ರೆಯಿಂದ ಸಸ್ಪೆಂಡ್ ಮಾಡಿದ್ದಾರೆ.

ಮಕ್ಕಳ ವಾರ್ಡಿನ ಮೂರನೇ ಹಾಸಿಗೆಗೆ ಆರು ವರ್ಷದ ಒಂದು ಹುಡುಗಿ ಬಂದಿದ್ದಳು. ಮೈ ಸುಡುವ ಜ್ವರ, ರಕ್ತಕ್ಕೆ ಸೋಂಕು. ಡಾಕ್ಟರು ಒಂದು ಇಂಜೆಕ್ಷನ್ ಬರೆದರು, ಹೊತ್ತಿಗೆ ಇಪ್ಪತ್ತು ಮಿಲಿಗ್ರಾಂ. ಪ್ರಮಾಣ ಮೀರಿದರೆ ಕಿವಿಗೆ ಕುತ್ತು ತರುವ ಔಷಧ ಅದು, ನಮಗೆಲ್ಲ ಗೊತ್ತಿರುವುದೇ. ನಮ್ಮ ವಾರ್ಡಿಗೆ ಬರುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ ಇರುತ್ತದೆ. ಇಪ್ಪತ್ತನ್ನು ಹತ್ತರಿಂದ ಭಾಗಿಸಿದರೆ ಎರಡು. ಎರಡು ಮಿಲಿ ಸಿರಿಂಜಿಗೆ ಎಳೆದುಕೊಂಡು ಕೊಡುತ್ತೇವೆ. ಅವತ್ತು ಆ ಸೀಸೆ ಮುಗಿದಿತ್ತು. ಉಗ್ರಾಣದವರು ದೊಡ್ಡವರಿಗೆ ಕೊಡುವ ಸೀಸೆ ಕಳಿಸಿದರು. ಅದರಲ್ಲಿ ಒಂದು ಮಿಲಿಗೆ ನಲವತ್ತು ಮಿಲಿಗ್ರಾಂ.

ನಾನು ಲೇಬಲ್ ಓದಿದೆ ಅಪ್ಪ. ಓದದೆ ಕೊಟ್ಟಳು ಅಂತ ಯಾರೂ ಅನ್ನುವ ಹಾಗಿಲ್ಲ. ಓದಿ, ಕಾಗದದ ಚೂರಿನ ಮೇಲೆ ಲೆಕ್ಕವನ್ನೂ ಮಾಡಿದೆ. ಇಪ್ಪತ್ತು, ನಲವತ್ತು. ಯಾವುದರಿಂದ ಯಾವುದನ್ನು ಭಾಗಿಸುವುದು? ನಾಲಿಗೆಯ ತುದಿಗೆ ನೀವು ತರಗತಿಯಲ್ಲಿ ಹೇಳಿಸುತ್ತಿದ್ದ ಪದ್ಯ ತಾನಾಗಿ ಬಂತು: "ದೊಡ್ಡದು ಮೇಲೆ, ಚಿಕ್ಕದು ಕೆಳಗೆ, ಭಾಗಿಸಿ ಬರೆದರೆ ಅಂಕ ನಿನಗೆ." ನಲವತ್ತನ್ನು ಇಪ್ಪತ್ತರಿಂದ ಭಾಗಿಸಿದೆ. ಎರಡು ಬಂತು. ದಿನಾ ಬರುವ ಎರಡೇ ಬಂತಲ್ಲ, ಅನುಮಾನಕ್ಕೆ ಜಾಗವೇ ಇರಲಿಲ್ಲ. ಚಾರ್ಟಿನಲ್ಲಿ ಎರಡು ಮಿಲಿ ಅಂತ ಬರೆದೆ. ನನ್ನ ನಂತರ ಡ್ಯೂಟಿಗೆ ಬಂದವರೂ ಅದನ್ನೇ ನೋಡಿ ಕೊಟ್ಟರು.

ಕೊಡಬೇಕಾಗಿದ್ದದ್ದು ಅರ್ಧ ಮಿಲಿ.

ಎರಡು ದಿನ ಹೀಗೆ ನಡೆಯಿತು. ಜ್ವರ ಇಳಿಯಿತು. ಹುಡುಗಿಗೆ ಕಿವಿ ಕೇಳಿಸುತ್ತಿಲ್ಲ. ಇನ್ನು ಕೇಳಿಸುವುದಿಲ್ಲ ಅಂತ ಕಿವಿಯ ಡಾಕ್ಟರು ಹೇಳಿದ್ದಾರಂತೆ.

ವಿಚಾರಣೆ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಮನೆಯಲ್ಲಿರು ಅಂದಿದ್ದಾರೆ.

ಒಂದು ವಿಷಯ ಕೇಳಬೇಕು. ದೂರು ಅಂತ ತಿಳಿಯಬೇಡಿ, ನಿಜವಾಗಿ ತಿಳಿಯದೆ ಕೇಳುತ್ತಿದ್ದೇನೆ. ದೊಡ್ಡದನ್ನು ಚಿಕ್ಕದರಿಂದಲೇ ಭಾಗಿಸಬೇಕು ಅನ್ನುವ ನಿಯಮ ಎಲ್ಲಿಂದ ಬಂತು?

ನಿಮ್ಮ ಮಗಳು


ಜೂನ್ 15

ಮಗಳೇ,

ಕಾಗದ ಎರಡು ಸಲ ಓದಿದೆ. ಧೈರ್ಯಗೆಡಬೇಡ. ನಾನು ಕೂತು ಎಲ್ಲವನ್ನೂ ಯೋಚಿಸಿದ್ದೇನೆ.

ಮೊದಲನೆಯದಾಗಿ ತಪ್ಪು ಉಗ್ರಾಣದವನದು. ಮಕ್ಕಳ ವಾರ್ಡಿಗೆ ದೊಡ್ಡವರ ಔಷಧ ಕಳಿಸಲು ಅವನಿಗೆ ಬುದ್ಧಿ ಇಲ್ಲವೇ? ಆಮೇಲೆ ಆ ಡಾಕ್ಟರು. ಎಷ್ಟು ಮಿಲಿಗ್ರಾಂ ಅಂತ ಬರೆದವರಿಗೆ ಎಷ್ಟು ಮಿಲಿ ಅಂತ ಬರೆಯಲು ಪೆನ್ನಿನಲ್ಲಿ ಶಾಯಿ ತೀರಿತ್ತೇ? ನಿನ್ನ ನಂತರ ಬಂದ ನರ್ಸುಗಳು ಕಣ್ಣು ಮುಚ್ಚಿಕೊಂಡು ಕೊಟ್ಟರಲ್ಲ, ಅವರೇನು ಸಾಚಾಗಳೇ? ಉಪ್ಪು ತಿಂದವರೆಲ್ಲ ನೀರು ಕುಡಿಯಲಿ, ನೀನೊಬ್ಬಳೇ ಯಾಕೆ ಕುಡಿಯಬೇಕು? ವಿಚಾರಣೆಯಲ್ಲಿ ಲೆಕ್ಕದ ಮಾತು ಎತ್ತಲೇಬೇಡ. ಯಾವಾಗಲೂ ಎರಡು ಮಿಲಿ ಕೊಡುವ ರೂಢಿ, ಸೀಸೆ ಬದಲಾದದ್ದು ಯಾರೂ ತಿಳಿಸಲಿಲ್ಲ, ಅಷ್ಟೇ ಹೇಳು. ಬಾಯಿ ಬಿಟ್ಟರೆ ಬಣ್ಣಗೇಡು.

ನಿಯಮದ ವಿಚಾರ ಕೇಳಿದ್ದೀಯ. ಆ ಪದ್ಯ ನನ್ನ ಮೇಷ್ಟ್ರಿಂದ ನನಗೆ ಬಂದದ್ದು. ಅವರಿಗೆ ಅವರ ಮೇಷ್ಟ್ರಿಂದ ಬಂದಿರಬೇಕು. ಪಠ್ಯಪುಸ್ತಕದ ಲೆಕ್ಕಗಳನ್ನೆಲ್ಲ ತೆಗೆದು ನೋಡು, ದೊಡ್ಡದನ್ನು ಚಿಕ್ಕದರಿಂದ ಭಾಗಿಸುವುದೇ ಇರುತ್ತದೆ. ನನ್ನ ಕೈಯಲ್ಲಿ ಕಲಿತವರು ಎಲ್ಲೆಲ್ಲೋ ಇದ್ದಾರೆ. ದಾರಿಯಲ್ಲಿ ಸಿಕ್ಕರೆ ಇವತ್ತಿಗೂ "ಮಗ್ಗಿ ಮೇಷ್ಟ್ರೇ" ಅಂತ ನಿಲ್ಲಿಸಿ ಇಪ್ಪತ್ತೊಂಬತ್ತರ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಾರೆ. ನಿಯಮದಲ್ಲಿ ದೋಷವಿಲ್ಲ. ಸೀಸೆಯಲ್ಲಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಜೂನ್ 27

ಅಪ್ಪ,

ವಾರ್ಡಿನ ಬೀರುವಿನ ಕೀಲಿ ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು. ಕೊಡಲು ಹೋದೆ. ದೊಡ್ಡ ಸಿಸ್ಟರ್ ನನ್ನನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ಕೀಲಿ ಇಸಿದುಕೊಂಡರು. ಅವರ ಹೆಗಲ ಆಚೆ ಮೂರನೇ ಹಾಸಿಗೆ ಕಾಣುತ್ತಿತ್ತು.

ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಅಮ್ಮ ಹಿಂದೆ ನಿಂತು ಕರೆಯುತ್ತಿದ್ದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಎಲ್ಲ ಮಕ್ಕಳೂ ತಿರುಗಿದವು. ಅದೊಂದು ತಿರುಗಲಿಲ್ಲ. ಕೊನೆಗೆ ಆ ಹೆಂಗಸು ಹಾಸಿಗೆಯನ್ನು ಬಳಸಿಕೊಂಡು ಬಂದು ಮಗುವಿನ ಎದುರು ನಿಂತಳು. ಮಗು ನಕ್ಕಿತು. ಅಮ್ಮ ಈಗ ತಾನೇ ಬಂದಳು ಅಂದುಕೊಂಡಿತು.

"ಹೋಗಮ್ಮ, ಇಲ್ಲಿ ನಿಲ್ಬೇಡ" ಅಂದರು ದೊಡ್ಡ ಸಿಸ್ಟರ್. ಬೈಗುಳದ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ಒಂದು ಲೋಟ ನೀರು ಇಟ್ಟುಕೊಂಡು ಕೂತೆ. ಈ ಲೋಟದಲ್ಲಿ ನಲವತ್ತು ಇದೆ, ನನಗೆ ಬೇಕಾದ್ದು ಇಪ್ಪತ್ತು. ಎಷ್ಟು ಸುರಿದುಕೊಳ್ಳಲಿ? ಅರ್ಧ. ಇದಕ್ಕೆ ಪದ್ಯ ಬೇಕೇ, ಕಾಗದ ಬೇಕೇ ಅಪ್ಪ? ಒಂದು ಲೋಟದಲ್ಲೇ ಬೇಕಾದ್ದಕ್ಕಿಂತ ಹೆಚ್ಚಿರುವಾಗ ಎರಡು ಲೋಟ ಸುರಿಯುವವರು ಯಾರಾದರೂ ಇರುತ್ತಾರೆಯೇ? ಸಾರಿಗೆ ಉಪ್ಪು ಹಾಕುವಾಗ ನಾನು ಹೀಗೆ ಮಾಡುವುದಿಲ್ಲ. ಅಂಕಿ ಕಂಡ ಕೂಡಲೇ ಸೀಸೆ ಕಣ್ಣಿಂದ ಮರೆಯಾಯಿತು, ಮಗುವೂ ಮರೆಯಾಯಿತು. ನಾನು ಪರೀಕ್ಷೆಗೆ ಕೂತವಳ ಹಾಗೆ ಪದ್ಯ ಹೇಳಿಕೊಂಡು ಉತ್ತರ ಬರೆದೆ.

ಯಾರದು ತಪ್ಪು ಅಂತ ನಾನು ಕೇಳಿರಲಿಲ್ಲ. ನನಗೆ ನಿಜವಾಗಿ ಏನಾದರೂ ಗೊತ್ತೇ, ಅದನ್ನು ತಿಳಿಯಬೇಕು. ಈ ಹತ್ತು ದಿನದಿಂದ ನನಗೆ ಬರುವ ನಿಯಮಗಳನ್ನೆಲ್ಲ ಒಂದೊಂದಾಗಿ ತೆಗೆದು ಕೇಳಿಕೊಳ್ಳುತ್ತಿದ್ದೇನೆ, ಇದು ಯಾಕೆ ಹೀಗೆ ಅಂತ. ಒಂದಕ್ಕೂ ಉತ್ತರವಿಲ್ಲ. ಭಿನ್ನರಾಶಿಯಿಂದ ಭಾಗಿಸುವಾಗ ತಿರುಗಿಸಿ ಗುಣಿಸು ಅನ್ನುತ್ತಿದ್ದಿರಿ. ಯಾಕೆ ತಿರುಗಿಸಬೇಕು? ಭಾಗಿಸು ಅಂದರೆ ಗುಣಿಸುವುದು ಯಾಕೆ? ನೀವು ನಲವತ್ತು ವರ್ಷ ಅದನ್ನು ಕಲಿಸಿದವರು. ನಿಮಗೆ ಗೊತ್ತಿರಲೇಬೇಕು. ಬರೆದು ಕಳಿಸಿ.

ನಿಮ್ಮ ಮಗಳು


ಆಗಸ್ಟ್ 2

ಅಪ್ಪ,

ನಿಮ್ಮಿಂದ ಒಂದು ಸಾಲೂ ಇಲ್ಲ. ನಿಮಗೇ ಮಾಡುವ ಧೈರ್ಯವಾಗದೆ, ನಿಮ್ಮ ಕೋಣೆಯ ಕೆಳಗಿನ ದರ್ಜಿ ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಆರೋಗ್ಯವಾಗೇ ಇದ್ದಾರಮ್ಮ, ಆದ್ರೆ ಯಾಕೋ ಮಾತೇ ಆಡ್ತಿಲ್ಲ. ದಿನಾ ಬಂದು ಚಿಂದಿ ಬಟ್ಟೆ ಕೇಳ್ಕೊಂಡು ಹೋಗ್ತಾರೆ" ಅಂದ.

ನಾನು ಬರೆದದ್ದರಿಂದ ನಿಮಗೆ ನೋವಾಗಿದ್ದರೆ ಉತ್ತರ ಬೇಡ. ಕ್ಷೇಮವಾಗಿದ್ದೀರಿ ಅಂತ ಒಂದು ಮಾತು ಬರೆದರೆ ಸಾಕು.

ನಿಮ್ಮ ಮಗಳು


ಆಗಸ್ಟ್ 20

ಮಗಳೇ,

ಕ್ಷೇಮವಾಗಿದ್ದೇನೆ.

ನಿನ್ನ ಪ್ರಶ್ನೆ ಬಂದ ದಿನ ಉತ್ತರ ಬರೆಯಲು ಪೆನ್ನು ತೆಗೆದೆ. "ತಿರುಗಿಸುವುದು ಯಾಕೆಂದರೆ" ಎಂದು ಬರೆದೆ. ಮುಂದಕ್ಕೆ ಹೋಗಲಿಲ್ಲ. ಮನೆಪಾಠದ ಮಕ್ಕಳು ಬಂದರು, ಹೋದರು. ಆ ಸಾಲು ಹಾಗೇ ಇತ್ತು. ಮಾರನೆಯ ದಿನವೂ ಹಾಗೇ.

ನಾನಿದ್ದ ಶಾಲೆಗೆ ಹೋದೆ. ನನ್ನ ಜಾಗಕ್ಕೆ ಈಗ ಒಬ್ಬ ಟೀಚರಮ್ಮ ಬಂದಿದ್ದಾಳೆ, ಚಿಕ್ಕ ವಯಸ್ಸಿನವಳು. ಅವಳನ್ನು ಪರೀಕ್ಷಿಸುವವನ ಹಾಗೆ ಕೇಳಿದೆ. ಅವಳು ತಕ್ಷಣ ಕಾಗದದ ಪಟ್ಟಿಯೊಂದನ್ನು ಮಡಚಲು ಶುರುಮಾಡಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕಾಗದ ಮಡಚೋದು ಗಣಿತ ಅಲ್ಲಮ್ಮ" ಅಂದು ಎದ್ದು ಬಂದೆ. ಅವಳು ಮುಗಿಸುವವರೆಗೆ ಕೂತಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಮನೆಗೆ ಬಂದ ಮೇಲೆ ಅವಳು ಎಲ್ಲಿ ಮಡಚಿದಳು, ಯಾಕೆ ಮಡಚಿದಳು ಅನ್ನುವುದೇ ಕಣ್ಣ ಮುಂದೆ. ಮತ್ತೆ ಹೋಗಿ ಕೇಳಲು ಮುಖವಿಲ್ಲ. ದರ್ಜಿಯ ಹತ್ತಿರ ಚಿಂದಿ ಬೇಡಿದೆ. ಚಿಂದಿ ಸಾಲದೆ ಅವನ ಅಸ್ತರಿನ ಬಟ್ಟೆಗೇ ಸೀಮೆಸುಣ್ಣದ ಗೆರೆ ಎಳೆದೆ. "ಮೇಷ್ಟ್ರೇ, ನನ್ನ ಅಸ್ತರಿಗೆ ಯಾಕ್ರೀ ಗಂಟುಬಿದ್ರಿ? ಗಿರಾಕಿಗೆ ಏನ್ ಹೇಳ್ಲಿ?" ಅಂತ ಅವನು ಕೂಗಾಡಿದ.

ಈಗ ಬರೆಯುತ್ತೇನೆ, ನಿಧಾನವಾಗಿ ಓದು.

ಒಂದು ಮೀಟರ್ ಬಟ್ಟೆ ಇದೆ. ಅದರಲ್ಲಿ ಮುಕ್ಕಾಲು ಮೀಟರಿನ ತುಂಡುಗಳು ಎಷ್ಟು ಸಿಗುತ್ತವೆ? ಒಂದನ್ನು ಮುಕ್ಕಾಲರಿಂದ ಭಾಗಿಸು ಅಂದರೆ ಇಷ್ಟೇ ಪ್ರಶ್ನೆ. ನಾನು ಇದನ್ನು ಪ್ರಶ್ನೆ ಅಂತಲೇ ಯಾವತ್ತೂ ತಿಳಿದಿರಲಿಲ್ಲ. ಬಟ್ಟೆಗೆ ಕಾಲು ಕಾಲು ಮೀಟರಿಗೆ ಗುರುತು ಹಾಕು. ನಾಲ್ಕು ಕಾಲುಗಳಾದವು. ಒಂದು ತುಂಡಿಗೆ ಮೂರು ಕಾಲು ಬೇಕು. ಒಂದು ತುಂಡು ಆಯಿತು, ಒಂದು ಕಾಲು ಉಳಿಯಿತು. ಉಳಿದ ಆ ಕಾಲು ಮುಂದಿನ ತುಂಡಿನ ಮೂರರಲ್ಲೊಂದು ಪಾಲು. ಅಂದರೆ ನಾಲ್ಕನ್ನು ಮೂರು ಮೂರಾಗಿ ಗುಂಪು ಮಾಡಿದ ಹಾಗಾಯಿತು. ಮೂರು ಮೇಲೆ ನಾಲ್ಕು ಕೆಳಗೆ ಇದ್ದದ್ದು ನಾಲ್ಕು ಮೇಲೆ ಮೂರು ಕೆಳಗೆ ಬಂದು ನಿಂತಿತು. ಯಾರೂ ಅದನ್ನು ತಿರುಗಿಸಲಿಲ್ಲ ಮಗಳೇ, ಅದೇ ತಿರುಗಿತು. ಇನ್ನು ಬಟ್ಟೆ ಐದು ಮೀಟರ್ ಇದ್ದರೆ, ಒಂದೊಂದು ಮೀಟರಿನಲ್ಲೂ ಅಷ್ಟಷ್ಟೇ ಸಿಗುವುದರಿಂದ ಅದರ ಐದರಷ್ಟು. ಗುಣಿಸುವುದು ಅದಕ್ಕೆ. ಮುಕ್ಕಾಲರ ಬದಲು ಯಾವ ಭಿನ್ನರಾಶಿ ಇಟ್ಟರೂ ಇದೇ ಮಾತು ನಡೆಯುತ್ತದೆ. ಎಲ್ಲಿಯೂ ಮುರಿಯುವುದಿಲ್ಲ.

ಇದು ಹೊಳೆದಾಗ ನಾನು ಮೆಟ್ಟಿಲಿಳಿದು ಬೀದಿಗೆ ಹೋಗಿ ನಿಂತೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಎಪ್ಪತ್ತು ದಾಟಿದ ಮುದುಕ ಕೈಯಲ್ಲಿ ಚಿಂದಿ ಹಿಡಿದು ನಗುತ್ತಾ ನಿಂತಿದ್ದೆ. ಬಸ್ಸಿಗೆ ಕಾಯುತ್ತಿದ್ದವರು ದೂರ ಸರಿದರು. ಆಮೇಲೆ ಈ ಪ್ರಶ್ನೆ ಯಾರು ಕೇಳಿದ್ದು, ಯಾಕೆ ಕೇಳಿದ್ದು ಅನ್ನುವುದು ನೆನಪಾಯಿತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ.

ಚಿಕ್ಕದನ್ನು ದೊಡ್ಡದರಿಂದ ಭಾಗಿಸಬಹುದು. ಇಪ್ಪತ್ತನ್ನು ನಲವತ್ತರಿಂದ ಭಾಗಿಸಬಹುದು. ಪದ್ಯದಲ್ಲಿರುವುದು ನಿಯಮವಲ್ಲ.



ಅಪ್ಪ


ಸೆಪ್ಟೆಂಬರ್ 18

ಅಪ್ಪ,

ನಿನ್ನೆ ವಿಚಾರಣೆ ಆಯಿತು.

ಉದ್ದನೆಯ ಮೇಜು, ಆಚೆ ಬದಿಗೆ ಐದು ಜನ. ಈಚೆ ನಾನು. ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಹುಡುಗಿಯ ಅಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳಂತೆ. ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು.

ಒಳಗೆ ಹೋಗುವ ಮುಂಚೆ ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಸೀಸೆ ಬದ್ಲಾಗಿದ್ದು ಗೊತ್ತಾಗ್ಲಿಲ್ಲ ಅಂದ್ಬಿಡು. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ. ನಾನು ಮಾತಾಡಿದ್ದೀನಿ" ಅಂದರು. ನೀವು ಬರೆದದ್ದೂ ಅದೇ ತಾನೇ. ನಾನು ಹಾಗೇ ಹೇಳುವುದು ಅಂದುಕೊಂಡೇ ಒಳಗೆ ಹೋದೆ.

ದೊಡ್ಡ ಡಾಕ್ಟರು ಕೇಳಿದರು, "ಸೀಸೆ ಬೇರೆ ಅಂತ ನಿಮಗೆ ಗೊತ್ತಿತ್ತಾ?"

ನಿಮ್ಮ ಬಟ್ಟೆಯ ಲೆಕ್ಕ ಓದದೇ ಇದ್ದಿದ್ದರೆ "ಗೊತ್ತಿರಲಿಲ್ಲ" ಅನ್ನುತ್ತಿದ್ದೆನೋ ಏನೋ. ಎಲ್ಲಿ ಮುರಿಯಿತು ಅಂತ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಇನ್ನೊಂದು ಕಡೆ ಬೆರಳು ತೋರಿಸಲು ಆಗಲಿಲ್ಲ.

"ಗೊತ್ತಿತ್ತು ಸರ್. ಲೇಬಲ್ ಓದಿದೆ. ಭಾಗಾಕಾರ ತಿರುವು ಮುರುವು ಮಾಡಿದೆ."

"ಅದು ಹೇಗಾಗುತ್ತೆ? ಇಷ್ಟು ವರ್ಷದ ಅನುಭವ ನಿಮ್ಮದು."

"ಇಷ್ಟು ವರ್ಷ ಆ ನಿಯಮ ಹಾಕಿದಾಗಲೆಲ್ಲ ಸರಿಯಾದ ಉತ್ತರವೇ ಬಂತು ಸರ್. ನಮ್ಮ ಸೀಸೆಯಲ್ಲಿ ಯಾವಾಗಲೂ ಕಡಿಮೆ ಇರುತ್ತಿತ್ತು, ಮಗುವಿಗೆ ಬೇಕಾದ್ದು ಯಾವಾಗಲೂ ಹೆಚ್ಚಿರುತ್ತಿತ್ತು. ಹಾಗಾಗಿ ನಿಯಮ ತಪ್ಪು ಅಂತ ತಿಳಿಯುವ ಸಂದರ್ಭವೇ ಬಂದಿರಲಿಲ್ಲ."

ಅವರು ಏನೋ ಬರೆದುಕೊಂಡರು. ಹೊಸದಾಗಿ ಸೇರುವ ನರ್ಸುಗಳಿಗೆ ಈ ಲೆಕ್ಕವನ್ನು ನೀರಿನ ಲೋಟ ಇಟ್ಟು ಕಲಿಸಿ, ಬೇಕಾದರೆ ನಾನೇ ಒಂದು ದಿನ ಬಂದು ಹೇಳಿಕೊಡುತ್ತೇನೆ ಅಂದೆ. ಒಬ್ಬರು ಕೆಮ್ಮಿದರು. "ಅದು ಈ ಸಭೆಯ ವಿಷಯ ಅಲ್ಲ" ಅಂದರು ಇನ್ನೊಬ್ಬರು.

ಆಗ ಹುಡುಗಿಯ ಅಮ್ಮ ಕುರ್ಚಿಯಿಂದ ಏಳದೆಯೇ ಕೇಳಿದಳು, "ಅಷ್ಟೂ ಗೊತ್ತಿರ್ಲಿಲ್ವಾ ನಿಮ್ಗೆ?"

"ಗೊತ್ತಿದೆ ಅಂದ್ಕೊಂಡಿದ್ದೆ" ಅಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ಎದುರಿಸಬಹುದಿತ್ತು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನಾನು ಇನ್ನೂ ಏನಾದರೂ ಹೇಳುತ್ತೇನೆ, ಆಗ ಅರ್ಥವಾಗುತ್ತದೆ ಅಂತ ಕಾಯುತ್ತಿದ್ದಳು.

ಕೆಲಸದಿಂದ ತೆಗೆದಿದ್ದಾರೆ. ನರ್ಸ್ ಆಗಿ ಎಲ್ಲಿಯೂ ಸೇರುವಂತಿಲ್ಲ.

ಅರ್ಥ ಮಾಡಿಕೊಂಡರೆ ಮನಸ್ಸು ಹಗುರವಾಗುತ್ತದೆ ಅಂತ ಎಣಿಸಿದ್ದೆ. ಹಾಗಾಗುವುದಿಲ್ಲ ಅಪ್ಪ. ಮೊದಲು ಕತ್ತಲಲ್ಲಿ ಎಡವಿದ ಹಾಗಿತ್ತು. ಈಗ ದೀಪ ಹಾಕಿದ್ದೇನೆ, ಬಿದ್ದದ್ದು ಹಾಗೇ ಬಿದ್ದಿದೆ.

ನಿಮ್ಮ ಮಗಳು


ಅಕ್ಟೋಬರ್ 4

ಮಗಳೇ,

ನೀನು ಹೇಳಿದ್ದು ಸರಿ. ನಾನು ಬರೆದದ್ದು ಕೇಳದೇ ಇದ್ದದ್ದು ಒಳ್ಳೆಯದಾಯಿತು.

ಇಲ್ಲಿ ಮನೆಪಾಠಕ್ಕೆ ಬರುವ ಮಕ್ಕಳು ಬಹುಪಾಲು ಬಿಟ್ಟುಹೋದರು. ಮಗ್ಗಿ ಕೂಗಿಸುವುದು ನಿಲ್ಲಿಸಿದೆ. ಒಂದು ಲೆಕ್ಕ ತೆಗೆದುಕೊಂಡರೆ ಅದು ಯಾಕೆ ಹಾಗೆ ಅನ್ನುವುದು ತಿಳಿಯುವವರೆಗೆ ಅಲ್ಲೇ ಕೂರುತ್ತೇವೆ. ಒಬ್ಬ ತಂದೆ ಬಂದು ಸಮಾಧಾನವಾಗಿಯೇ ಹೇಳಿದ: "ಮೇಷ್ಟ್ರೇ, ಪರೀಕ್ಷೇಲಿ 'ಯಾಕೆ' ಅಂತ ಕೇಳಲ್ಲ, 'ಎಷ್ಟು' ಅಂತ ಕೇಳ್ತಾರೆ. ನಮ್ಗೆ ಆ ಹಳೇ ಮಗ್ಗಿ ಮೇಷ್ಟ್ರೇ ಬೇಕು." ಅವನೂ ನನ್ನ ಶಿಷ್ಯನೇ. ಹೋಗುವಾಗ ಮಗಳನ್ನು ಕರೆದುಕೊಂಡು ಹೋದ. ಅವಳು ಜಾಣೆ.

ಇಲ್ಲಿಗೆ ಬಂದುಬಿಡು. ಕೋಣೆ ಚಿಕ್ಕದು, ಆದರೆ ಇಬ್ಬರಿಗೆ ಸಾಕು. ಹೊಲಿಗೆ ಯಂತ್ರದ ಸದ್ದು ಎರಡು ದಿನಕ್ಕೆ ಅಭ್ಯಾಸವಾಗುತ್ತದೆ.

ಅಪ್ಪ


ಡಿಸೆಂಬರ್ 12

ಅಪ್ಪ,

ಹೊಸ ವಿಳಾಸ ಹಿಂಬದಿಯಲ್ಲಿದೆ. ನಿಮ್ಮ ಹತ್ತಿರ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಇಲ್ಲಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿದೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು. ಔಷಧ ಕೊಡುವವರು ಬೇರೆ. ಅವರು ಸಿರಿಂಜು ತೆಗೆದಾಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ. ಆಸ್ಪತ್ರೆಯಿದ್ದ ಊರಿನ ನನ್ನ ಮನೆಯನ್ನು ಇನ್ನೂ ಬಿಟ್ಟಿಲ್ಲ. ಬೀಗ ಹಾಕಿ ಬಂದಿದ್ದೇನೆ.

ದೊಡ್ಡ ಸಿಸ್ಟರ್ ಒಮ್ಮೆ ಫೋನ್ ಮಾಡಿದ್ದರು. ಆ ಹುಡುಗಿ ಶಾಲೆಗೆ ಹೋಗುತ್ತಿದ್ದಾಳಂತೆ. ಹೋಗಿ ಏನು ಮಾಡುತ್ತಾಳೆ ಕೇಳಿ. ತರಗತಿಯಲ್ಲಿ ಎಲ್ಲರೂ ಮಗ್ಗಿ ಕೂಗುತ್ತಾರಲ್ಲ, ಅವಳು ಹಿಂದಿನ ಬೆಂಚಿನಲ್ಲಿ ಕೂತು ಅವರ ತುಟಿ ನೋಡಿಕೊಂಡು ತಾನೂ ತುಟಿ ಆಡಿಸುತ್ತಾಳಂತೆ. ಸದ್ದು ಬರುವುದಿಲ್ಲ, ಬಂದರೂ ಬೇರೆ ಏನೋ ಬರುತ್ತದೆ, ಮಕ್ಕಳು ನಗುತ್ತಾರೆ. ಕಿವುಡು ಮಕ್ಕಳ ಶಾಲೆ ಬಹಳ ದೂರ. ಲೆಕ್ಕ ಬಾರದಿದ್ದರೆ ಮುಂದಿನ ತರಗತಿಗೆ ಹಾಕುವುದಿಲ್ಲ ಅಂದಿದ್ದಾರಂತೆ.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬೇರೆ ಯಾರಿಗೆ ಬರೆಯಲಿ?

ನಿಮ್ಮ ಮಗಳು


ಜನವರಿ 23

ಮಗಳೇ,

ಈ ಕಾಗದವನ್ನು ನೀನು ಬೀಗ ಹಾಕಿ ಹೋದ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಪಕ್ಕದ ಮನೆಯವರ ಹತ್ತಿರ ಇನ್ನೊಂದು ಕೀಲಿ ಇಟ್ಟಿದ್ದೀಯಲ್ಲ, ಇಸಿದುಕೊಂಡೆ. ಕೇಳಿದರೆ ಬೇಡ ಅನ್ನುತ್ತೀಯ ಅಂತ ಕೇಳಲಿಲ್ಲ.

ಲಾಂಡ್ರಿಗೆ ಹೋದೆ. ಆ ಹೆಂಗಸು ಇಸ್ತ್ರಿ ಮಾಡುತ್ತಿದ್ದಳು. ಹುಡುಗಿ ಬಟ್ಟೆಯ ಗಂಟುಗಳ ನಡುವೆ ಕೂತು ಕಿತ್ತುಬಂದ ಗುಂಡಿಗಳನ್ನು ಜೋಡಿಸುತ್ತಿದ್ದಳು.

"ಯಾರು ಬೇಕಾಗಿತ್ತು?" ಅಂದಳು ತಾಯಿ.

"ನಾನು ಲೆಕ್ಕದ ಮೇಷ್ಟ್ರು. ಮಗುಗೆ ಲೆಕ್ಕ ಹೇಳ್ಕೊಡೋಣ ಅಂತ ಬಂದೆ."

"ಯಾರು ಕಳ್ಸಿದ್ದು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಯಾರೂ ಕಳ್ಸಿಲ್ಲ. ನಾನು ಆ ನರ್ಸಿನ ಅಪ್ಪ" ಅಂದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಬಾಗಿಲ ಕಡೆ ಕೈ ತೋರಿಸಿದಳು. ಬಂದುಬಿಟ್ಟೆ. ಮಾರನೆಯ ದಿನ ಮತ್ತೆ ಹೋಗಿ ಎದುರಿನ ಕಟ್ಟೆಯ ಮೇಲೆ ಕೂತೆ. ಅವಳು ನೋಡಿಯೂ ನೋಡದ ಹಾಗೆ ಇದ್ದಳು. ಹಾಗೇ ಒಂದು ವಾರ ನಡೆಯಿತು. ಆಮೇಲೊಂದು ದಿನ ಹುಡುಗಿಯೇ ಬೀದಿ ದಾಟಿ ಬಂದು ನನ್ನ ಪಕ್ಕ ಕೂತಳು. ಗುಂಡಿಗಳನ್ನು ಕಟ್ಟೆಯ ಮೇಲೆ ಸುರಿದಳು. ನಾನು ಮೂರು ಸಾಲು ಮಾಡಿ, ಸಾಲಿಗೆ ನಾಲ್ಕರಂತೆ ಇಟ್ಟೆ. ಆಮೇಲೆ ಅವಳನ್ನು ಎಬ್ಬಿಸಿ ಪಕ್ಕಕ್ಕೆ ಕರೆದು ಅಲ್ಲಿಂದ ತೋರಿಸಿದೆ. ಅಲ್ಲಿಂದ ನೋಡಿದರೆ ನಾಲ್ಕು ಸಾಲು, ಸಾಲಿಗೆ ಮೂರು. ಅವಳು ಈ ಕಡೆ ಬಂದು ನೋಡಿದಳು, ಆ ಕಡೆ ಹೋಗಿ ನೋಡಿದಳು. ಒಂದು ಗುಂಡಿಯೂ ಅಲುಗಿಲ್ಲ. ಮೂರು ನಾಲ್ಕಲಿ, ನಾಲ್ಕು ಮೂರಲಿ ಎರಡೂ ಒಂದೇ ಅಂತ ನಾನು ಎಷ್ಟು ಸಾವಿರ ಮಕ್ಕಳಿಂದ ಕೂಗಿಸಿದ್ದೇನೋ. ಯಾಕೆ ಒಂದೇ ಅಂತ ಒಬ್ಬರಿಗೂ ತೋರಿಸಿರಲಿಲ್ಲ.

ಅವಳಮ್ಮ ಬಾಗಿಲಿಗೆ ಬಂದು ನಿಂತಿದ್ದಳು. "ನೀವು ಬರ್ಬೋದು" ಅಂದಳು. "ಅವ್ಳು ಬರ್ಬಾರ್ದು. ಅವ್ಳ ಸುದ್ದೀನೂ ನಂಗೆ ಬೇಡ."

ಸರಿ ಅಂದೆ. ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡುವ ಹಕ್ಕು ನನಗಿಲ್ಲ.

ಅಪ್ಪ


ಮಾರ್ಚ್ 8

ಮಗಳೇ,

ನಿನ್ನ ಕಾಗದ ಸಿಕ್ಕಿತು. ನಾನು ಇಲ್ಲಿರುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಡುಗೆಮನೆಯ ನಲ್ಲಿ ಸೋರುತ್ತದೆ, ಬಟ್ಟೆ ಸುತ್ತಿ ಅಂತ ಮಾತ್ರ ಬರೆದಿದ್ದೀಯ. ಸುತ್ತಿದ್ದೇನೆ.

ಹುಡುಗಿಯ ವಿಷಯ ಕೇಳಬಾರದು ಅಂತ ನೀನು ಬಿಗಿಹಿಡಿದು ಕೂತಿದ್ದೀಯ. ಕೇಳದಿದ್ದರೂ ಬರೆಯುತ್ತೇನೆ. ಮಾತು ಇನ್ನೂ ಅವಳ ಬಾಯಲ್ಲಿದೆ, ಆದರೆ ತನ್ನ ದನಿ ತನಗೇ ಕೇಳಿಸದೆ ಇರುವುದರಿಂದ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಅದರಲ್ಲೂ ಒಂದು ಶಬ್ದ ಹೆಚ್ಚು, "ಯಾಕೆ?" ನಾನು ಹಲಗೆಯ ಮೇಲೆ ಬರೆದು, ಗುಂಡಿ ಇಟ್ಟು ತೋರಿಸಬೇಕು. ಒಪ್ಪಿಗೆಯಾದರೆ ತಲೆಯಾಡಿಸುತ್ತಾಳೆ, ಇಲ್ಲದಿದ್ದರೆ ಹಲಗೆ ಒರೆಸಿ ವಾಪಸು ಕೊಡುತ್ತಾಳೆ. ನಾನು ಅವಳಿಗೆ "ಯಾಕಮ್ಮ" ಅಂತ ಹೆಸರಿಟ್ಟಿದ್ದೇನೆ. ಮಗ್ಗಿ ಮೇಷ್ಟ್ರಿಗೆ ಯಾಕಮ್ಮ ಶಿಷ್ಯೆ. ಮೊನ್ನೆ ಅವಳಮ್ಮನಿಗೆ ಈ ಹೆಸರು ಕೇಳಿ ನಗು ಬಂತು, ಬಂದದ್ದನ್ನು ಒಳಗೇ ನುಂಗಿ ಬೇರೆ ಕಡೆ ತಿರುಗಿದಳು.

ಸಂಜೆ ಹೊತ್ತು ಆಯಾಸದಿಂದ ಹುಡುಗಿ ಕೆಲವೊಮ್ಮೆ ಸುಮ್ಮನೆ ಅಳುತ್ತಾಳೆ. ತನ್ನ ಅಳುವೂ ಅವಳಿಗೆ ಕೇಳಿಸುವುದಿಲ್ಲ. ಆಗ ನಾನು ಗುಂಡಿಗಳನ್ನು ಡಬ್ಬಿಗೆ ತುಂಬಿ ಎದ್ದು ಬರುತ್ತೇನೆ. ಹಾಗೆ ಬಂದ ದಿನ ನಿನ್ನ ಮನೆಯಲ್ಲಿ ದೀಪ ಹಾಕಲೂ ಮನಸ್ಸಾಗುವುದಿಲ್ಲ.

ಮೊನ್ನೆ ಒಂದು ಪ್ರಶ್ನೆ ಬಂತು. ಬೆಸ ಸಂಖ್ಯೆಗೆ ಬೆಸ ಸಂಖ್ಯೆ ಕೂಡಿಸಿದರೆ ಸಮ ಬರುತ್ತದೆ ಅಂತ ಬರೆದುಕೊಟ್ಟಿದ್ದೆ. ಮೂರಕ್ಕೆ ಐದು ಕೂಡಿಸಿ ನೋಡಿದಳು. ಏಳಕ್ಕೆ ಒಂಬತ್ತು ಕೂಡಿಸಿ ನೋಡಿದಳು. ಡಬ್ಬಿಯ ಗುಂಡಿಯೆಲ್ಲ ಮುಗಿಯುವವರೆಗೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಜಗ್ಗಿ ಕೂಗಿದಳು, "ನೋಡ್ದೇ ಇರೋದು? ನಾವು ನೋಡ್ದೇ ಇರೋ ನಂಬರು?"

ಹುಡುಕಿದರೆ ಉತ್ತರ ನನಗೂ ಸಿಗಬಹುದು. ಆದರೆ ಈ ಪ್ರಶ್ನೆ ನಿನಗೆ ತಲುಪಬೇಕು ಅನ್ನಿಸಿತು. "ನಾಳೆ ಅಲ್ಲ, ಇನ್ನೊಂದು ವಾರಕ್ಕೆ ಹೇಳ್ತೀನಿ" ಅಂತ ಹಲಗೆಯ ಮೇಲೆ ಬರೆದು ಬಂದಿದ್ದೇನೆ. ಅವಳು ಕಾಯುತ್ತಿದ್ದಾಳೆ.

ಅಪ್ಪ


ಮಾರ್ಚ್ 13

ಅಪ್ಪ,

ನಿಮ್ಮ ಕಾಗದ ಬಂದ ದಿನ ಉಳಿದ ಕೆಲಸವೆಲ್ಲ ಮುಗಿಸಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಒಗೆದ ಕಾಲುಚೀಲಗಳ ಬುಟ್ಟಿ ಎದುರಿಗಿತ್ತು. ಅವನ್ನು ಜೋಡಿ ಮಾಡುವುದು ನನ್ನ ಪಾಳಿಯ ಕೊನೆಯ ಕೆಲಸ. ಅದನ್ನು ಮಾಡುತ್ತಾ ಉತ್ತರ ಸಿಕ್ಕಿತು.

ಅವಳಿಗೆ ಹೀಗೆ ತೋರಿಸಿ. ಬೆಸ ಸಂಖ್ಯೆಯಷ್ಟು ಗುಂಡಿಗಳನ್ನು ಎರಡೆರಡಾಗಿ ಜೋಡಿಸುತ್ತಾ ಹೋಗಲಿ. ಕೊನೆಗೆ ಒಂದು ಗುಂಡಿ ಒಂಟಿಯಾಗಿ ಉಳಿಯುತ್ತದೆ. ಎಷ್ಟೇ ದೊಡ್ಡ ಸಂಖ್ಯೆಯಾಗಲಿ, ಒಂಟಿ ಒಂದೇ. ಎರಡು ಉಳಿದರೆ ಅವೆರಡೇ ಜೋಡಿಯಾಗಿಬಿಡುತ್ತವಲ್ಲ. ಇನ್ನೊಂದು ಬೆಸ ಸಂಖ್ಯೆಯಲ್ಲೂ ಹಾಗೇ ಒಂದು ಒಂಟಿ. ಎರಡನ್ನೂ ಕೂಡಿಸಿದಾಗ ಆ ಒಂಟಿಗೆ ಈ ಒಂಟಿ ಜೊತೆ ಸಿಗುತ್ತದೆ. ಈಗ ಎಲ್ಲವೂ ಜೋಡಿ. ಜೋಡಿಗಳು ಎಷ್ಟಿದ್ದವು ಅಂತ ನಾವು ಎಣಿಸಲೇ ಇಲ್ಲ ಅನ್ನುವುದನ್ನು ಅವಳು ಗಮನಿಸಬೇಕು. ಎಣಿಸದೆ ಇದ್ದದ್ದರಿಂದಲೇ ಈ ಮಾತು ನೋಡಿದ ಸಂಖ್ಯೆಗೂ ನಡೆಯುತ್ತದೆ, ಯಾರೂ ಯಾವತ್ತೂ ನೋಡದ ಸಂಖ್ಯೆಗೂ ನಡೆಯುತ್ತದೆ.

ಅವಳು ಕೇಳಿದ ಪ್ರಶ್ನೆಯನ್ನು ನಾನು ಕೇಳಲಿಲ್ಲ ಅಪ್ಪ. ನೋಡಿದ್ದೆಲ್ಲ ಸರಿಯಾಗಿತ್ತು. ನೋಡದೇ ಇದ್ದದ್ದು ಅವಳ ಹಾಸಿಗೆಯ ಹತ್ತಿರ ಬಂತು.

ಉತ್ತರ ಯಾರದ್ದು ಅಂತ ಅವಳಿಗೂ ಹೇಳಬೇಡಿ, ಅವಳಮ್ಮನಿಗೂ ಹೇಳಬೇಡಿ. ಅವಳು ಹಲಗೆ ಒರೆಸಿ ವಾಪಸು ಕೊಟ್ಟರೆ, ಒಪ್ಪಿಕೋ ಅಂತ ಒತ್ತಾಯ ಮಾಡಬೇಡಿ. ಇನ್ನೊಮ್ಮೆ ಕೇಳಲಿ.

ನಿಮ್ಮ ಮಗಳು